ಕಟ್ಟಡಕ್ಕೊಬ್ಬ ನೀರುಗಂಟಿ

ಗಂಡಸಿ ಹೋಬಳಿಯ ತೆಂಗಿನ ಬೆಳೆಗಾರರೊಬ್ಬರು ಕಳೆದ ವಾರ ನಮಗೊಂದು ಕಾಗದವನ್ನು ಬರೆದಿದ್ದಾರೆ. ಅದು ಪ್ರಕಟಣೆಗೆಂದು ಬರೆದುದಲ್ಲ. ತಮ್ಮ ಹೆಸರನ್ನು ಹೊರಗೆಡಹಬಾರದೆಂದೂ ಕೋರಿದ್ದಾರೆ. ಅವರ ತೋಟದ ಪಕ್ಕದಲ್ಲಿ, ರಸ್ತೆಗೆ ಹೊಂದಿಕೊಂಡಂತೆ, ಒಂದು ಕಲ್ಯಾಣಮಂಟಪವೂ ಅದರ ಮಗ್ಗುಲಿಗೆ ಒಂದು ವಸತಿಗೃಹವೂ ಎದ್ದಿವೆಯಂತೆ. ಆ ಕಟ್ಟಡಗಳಿಗೆ ತೋಡಿಸಿದ ಕೊಳವೆಬಾವಿ ತಮ್ಮದಕ್ಕಿಂತ ಬಹು ಆಳವಾದುದೆಂದೂ, ಮದುವೆಯ ದಿನಗಳಲ್ಲಿ ತಮ್ಮ ಪಂಪು ನೀರಿಗೆ ಬದಲಾಗಿ ಗಾಳಿಯನ್ನು ಉಗುಳುವುದೆಂದೂ, ಅದೇ ಹೊತ್ತಿನಲ್ಲಿ ಮಂಟಪದ ಮೇಲಿನ ತೊಟ್ಟಿ ತುಂಬಿ ಗೋಡೆಯುದ್ದಕ್ಕೂ ಹರಿಯುತ್ತಿರುವುದನ್ನು ತಾವು ಬೇಲಿಯ ಬಳಿ ನಿಂತು ನೋಡಬೇಕಾಗುವುದೆಂದೂ ಅವರು ತಿಳಿಸಿದ್ದಾರೆ. ಕಾಗದದ ಕೊನೆಗೆ ಅವರು ಕೇಳಿರುವ ಪ್ರಶ್ನೆ ಒಂದೇ. ತೋಟದವನು ನೀರನ್ನು ಪೋಲುಮಾಡಿದರೆ ಅವನ ಮರವೇ ಅವನನ್ನು ದಂಡಿಸುವುದು. ಕಟ್ಟಡದವನನ್ನು ದಂಡಿಸುವವರು ಯಾರು?

ಮಂಟಪದ ಒಡೆಯರ ಮೇಲೆ ದೂರು ಹೊರಿಸುವುದು ನಮ್ಮ ಉದ್ದೇಶವಲ್ಲ. ಅವರು ಯಾರೆಂಬುದು ನಮಗೆ ತಿಳಿಯದು. ತಿಳಿದಿದ್ದರೂ ಇಲ್ಲಿ ಹೇಳುತ್ತಿರಲಿಲ್ಲ. ಮದುವೆಗೆ ಮಂಟಪ ಬೇಕು, ಪ್ರಯಾಣಿಕನಿಗೆ ಹೋಟೆಲು ಬೇಕು, ರೋಗಿಗೆ ಆಸ್ಪತ್ರೆ ಬೇಕು, ವ್ಯಾಪಾರಕ್ಕೆ ಮಳಿಗೆ ಬೇಕು. ಇವುಗಳಿಂದಲೇ ಹಳ್ಳಿ ಊರಾಗುವುದು, ಊರು ಪಟ್ಟಣವಾಗುವುದು. ಆದರೆ ನಮ್ಮ ನಾಡಿನಲ್ಲಿ ನೀರಿನ ಮಾತೆತ್ತಿದೊಡನೆಯೇ ರೈತನಿಗೂ ಗೃಹಿಣಿಗೂ ಉಪದೇಶಮಾಡುವ ಪದ್ಧತಿಯೊಂದು ಬೆಳೆದುಬಿಟ್ಟಿದೆ. ಅಂಗಡಿ, ಹೋಟೆಲು, ವಸತಿಗೃಹ, ಛತ್ರ, ಕಚೇರಿ ಇವುಗಳ ಮುಂದೆ ಆ ಉಪದೇಶ ನಿಂತುದನ್ನು ನಾವು ಕಂಡುದು ಅಪರೂಪ. ಆದುದರಿಂದ ಈ ದಿನ ಆ ಕಡೆಗೆ ಓದುಗರ ಲಕ್ಷ್ಯವನ್ನು ಸೆಳೆಯಬೇಕಾಗಿದೆ.

ಸೀಮೆಯ ಸ್ಥಿತಿ

ಅರಸೀಕೆರೆ ಎಂಬ ಹೆಸರೇ ನೀರಿನ ಹೆಸರು. ಅರಸಿಯೊಬ್ಬಳು ಕಟ್ಟಿಸಿದ ಕೆರೆಯಿಂದ ಊರಿಗೆ ಈ ಹೆಸರು ಬಂದಿತೆಂಬುದು ಪ್ರತೀತಿ. ಅದೇ ಜಿಲ್ಲೆಯ ಹಳೇಬೀಡು ದೋರಸಮುದ್ರವೆಂದು ಕರೆಯಲ್ಪಟ್ಟುದೂ ಅಲ್ಲಿನ ಮಹಾ ಕೆರೆಯಿಂದಲೇ. ಹೊಯ್ಸಳರು ತಮ್ಮ ರಾಜಧಾನಿಯನ್ನು ನದಿಯ ದಡದಲ್ಲಿ ಕಟ್ಟಲಿಲ್ಲ, ಕೆರೆಯ ಏರಿಯ ಬಳಿಯಲ್ಲಿ ಕಟ್ಟಿದರು. ಮಳೆ ಬಂದಾಗ ಹಿಡಿದಿಡದೆ ಹೋದರೆ ಈ ಸೀಮೆಯಲ್ಲಿ ಬಾಳುವುದಕ್ಕಾಗದೆಂಬ ತಿಳಿವಳಿಕೆ ಆಗಿನವರಿಗೆ ಇದ್ದಿತು. ಹಾಸನ ಜಿಲ್ಲೆಯ ಪಡುವಣ ಅಂಚಿನ ಸಕಲೇಶಪುರದಲ್ಲಿ ವರ್ಷಕ್ಕೆ 2,000 ಮಿಲಿಮೀಟರಿಗೂ ಮೀರಿ ಮಳೆ ಸುರಿದರೆ, ಮೂಡಣ ಅಂಚಿನ ಅರಸೀಕೆರೆಗೆ ಬೀಳುವುದು 700 ಮಿಲಿಮೀಟರಿನ ಆಸುಪಾಸು ಮಾತ್ರ. ಈ ತಾಲೂಕಿಗೆ ತನ್ನದೆಂದು ಹೇಳಿಕೊಳ್ಳುವ ಜೀವನದಿಯೊಂದೂ ಇಲ್ಲ. ಇಲ್ಲಿಯ ಐಶ್ವರ್ಯವೆಲ್ಲ ತೆಂಗಿನ ಮರದ ಮೇಲೆ ನಿಂತಿದೆ. ತೆಂಗು ನೆಲದಡಿಯ ನೀರಿನ ಮೇಲೆ ನಿಂತಿದೆ.

ಆ ನೆಲದಡಿಯಾದರೂ ಎಂಥದು? ಅದು ಮರಳಿನ ನೆಲವಲ್ಲ, ಗಟ್ಟಿ ಬಂಡೆಯ ನೆಲ. ಮೇಲಣ ಶಿಥಿಲವಾದ ಪದರದಲ್ಲಿಯೂ ಅದರ ಕೆಳಗಣ ಬಂಡೆಯ ಬಿರುಕುಗಳಲ್ಲಿಯೂ ಇರುವಷ್ಟೇ ನೀರು. ಬಾವಿಯ ಕಾಲದಲ್ಲಿ ನಾವು ಮೇಲಣ ಪದರದ ನೀರನ್ನು ಬಳಸುತ್ತಿದ್ದೆವು. ಅದು ಒಂದು ಒಳ್ಳೆಯ ಮಳೆಗೆ ಮತ್ತೆ ತುಂಬುತ್ತಿತ್ತು. ಈಗ ಬಿರುಕುಗಳಲ್ಲಿ ಬಹುಕಾಲದಿಂದ ಶೇಖರವಾಗಿದ್ದ ನೀರಿಗೆ ಕೈಯಿಕ್ಕಿದ್ದೇವೆ; ಅದು ತುಂಬಲು ವರ್ಷಗಳೇ ಬೇಕು. ಸಾವಿರ ಅಡಿಯ ಕೊಳವೆಬಾವಿಯ ಮಾತು ಈ ಸೀಮೆಯಲ್ಲಿ ಈಗ ಯಾರನ್ನೂ ಬೆಚ್ಚಿಸುವುದಿಲ್ಲ. ಅಂತರ್ಜಲವನ್ನು ಮಿತಿಮೀರಿ ತೆಗೆದಿರುವ ತಾಲೂಕುಗಳ ಪಟ್ಟಿಯಲ್ಲಿ ಅರಸೀಕೆರೆಯ ಹೆಸರು ಬಂದುದುಂಟು. ಹಿಂದಿನ ದಶಕದ ಬರಗಾಲಗಳಲ್ಲಿ ಫಲಬಿಡುತ್ತಿದ್ದ ತೆಂಗಿನ ಮರಗಳು ಸುಳಿ ಒಣಗಿ ಬೋಳಾದುದನ್ನು ಈ ಭಾಗದ ಜನ ಮರೆತಿಲ್ಲ. 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ತಾಲೂಕುಗಳು ಬರಪೀಡಿತವೆಂದು ಸಾರಲ್ಪಟ್ಟುವು. ತೆಂಗು ರಾಗಿಯಂತಲ್ಲ, ಒಂದು ವರ್ಷ ಹೋದರೆ ಮರುವರ್ಷ ಬಿತ್ತಿಕೊಳ್ಳಬಹುದಾದ ಬೆಳೆಯಲ್ಲ. ಒಂದು ಮರ ಸತ್ತರೆ ಒಂದು ಸಂಸಾರದ ಹಲವು ವರ್ಷಗಳ ದುಡಿಮೆ ಸತ್ತಂತೆ.

ಕಟ್ಟಡದ ಬಾಯಾರಿಕೆ

ಇಂಥ ಸೀಮೆಯಲ್ಲಿ ಒಂದು ವ್ಯಾಪಾರದ ಕಟ್ಟಡವು ಎಷ್ಟು ನೀರನ್ನು ಕುಡಿಯುವುದೆಂಬುದನ್ನು ಲೆಕ್ಕಹಾಕಿ ನೋಡೋಣ. ಕಟ್ಟಡಗಳ ನೀರಿನ ಅವಶ್ಯಕತೆಗೆ ಭಾರತೀಯ ಮಾನಕ ಸಂಸ್ಥೆಯು ಕೆಲವು ಪ್ರಮಾಣಗಳನ್ನು ಗೊತ್ತುಮಾಡಿದೆ. ಕಚೇರಿಯಲ್ಲಿ ತಲೆಗೆ ದಿನವೊಂದಕ್ಕೆ 45 ಲೀಟರು. ಉಪಾಹಾರಗೃಹದಲ್ಲಿ ಕುಳಿತುಕೊಳ್ಳುವ ಸ್ಥಾನವೊಂದಕ್ಕೆ 70 ಲೀಟರು. ವಸತಿಗೃಹದಲ್ಲಿ ಹಾಸಿಗೆಯೊಂದಕ್ಕೆ 180 ಲೀಟರು. ನೂರು ಹಾಸಿಗೆಗಳವರೆಗಿನ ಆಸ್ಪತ್ರೆಯಲ್ಲಿ ಹಾಸಿಗೆಯೊಂದಕ್ಕೆ 340 ಲೀಟರು. ಈ ಪ್ರಮಾಣದಂತೆ ಇಪ್ಪತ್ತು ಕೊಠಡಿಗಳ, ನಾಲ್ವತ್ತು ಹಾಸಿಗೆಗಳ ಸಾಧಾರಣ ವಸತಿಗೃಹಕ್ಕೆ ದಿನಕ್ಕೆ 7,200 ಲೀಟರು ಬೇಕು. ಅದರ ಕೆಳಗೆ ಐವತ್ತು ಜನ ಕೂರುವ ಹೋಟೆಲು ಇದ್ದರೆ ಮತ್ತೆ 3,500 ಲೀಟರು. ಬೇಸಗೆಯಲ್ಲಿ ಹನಿ ನೀರಾವರಿಯಿಂದ ಒಂದು ತೆಂಗಿನ ಮರಕ್ಕೆ ದಿನಕ್ಕೆ ನೂರು ಲೀಟರು ಕೊಡುವರೆಂದಿಟ್ಟುಕೊಂಡರೂ ಈ ಒಂದು ಕಟ್ಟಡದ ನೀರಿನಲ್ಲಿ ನೂರು ಮರಗಳು ಬದುಕುವುವು. ಕಟ್ಟಡಕ್ಕೆ ಈ ನೀರು ಬೇಡವೆಂದು ನಾವು ಹೇಳುವುದಿಲ್ಲ. ಬೇಕಾದ ನೀರಿನ ಜೊತೆಗೆ ಬೇಡವಾದ ನೀರೆಷ್ಟು ಹೋಗುತ್ತಿದೆಯೆಂಬುದೇ ನಮ್ಮ ಪ್ರಶ್ನೆ.

2023ರ ಸೆಪ್ಟೆಂಬರ್ ತಿಂಗಳಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದುವು. ಕನ್ನಡಿಗರಿಗೆಲ್ಲ ಹೆಮ್ಮೆ ತಂದ ಸಂಗತಿಯಿದು. ಆದರೆ ಕೀರ್ತಿಯ ಹಿಂದೆಯೇ ಯಾತ್ರಿಕರೂ, ಯಾತ್ರಿಕರ ಹಿಂದೆಯೇ ವಸತಿಗೃಹಗಳೂ ಬರುವುವು. ಇನ್ನು ಮುಂದೆ ಕಟ್ಟಲ್ಪಡುವ ಕಟ್ಟಡಗಳು ಹಳೆಯವುಗಳ ತಪ್ಪನ್ನೇ ಮತ್ತೆ ಮಾಡುವುವೋ, ಅಥವಾ ತಿದ್ದಿಕೊಳ್ಳುವುವೋ ಎಂಬುದನ್ನು ಯೋಚಿಸಲು ಇದೇ ಸಮಯ.

ಲೆಕ್ಕವಿಲ್ಲದ ವ್ಯಾಪಾರ

ನಮ್ಮ ವರ್ತಕರು ಲೆಕ್ಕದಲ್ಲಿ ನಿಪುಣರು. ಎಂಟಾಣೆಯ ವ್ಯತ್ಯಾಸ ಬಂದರೂ ರಾತ್ರಿ ಕುಳಿತು ಖಾತೆಯನ್ನು ತಾಳೆನೋಡುವವರು. ಅಕ್ಕಿ ಎಷ್ಟು ಮೂಟೆ ಬಂದಿತು, ಎಣ್ಣೆ ಎಷ್ಟು ಡಬ್ಬ ಹೋಯಿತು, ವಿದ್ಯುತ್ತಿನ ಬಿಲ್ಲು ಹೋದ ತಿಂಗಳಿಗಿಂತ ಏಕೆ ಏರಿತು ಎಂಬುದೆಲ್ಲ ಅವರ ನಾಲಗೆಯ ತುದಿಯಲ್ಲಿರುವುದು. ಅದೇ ವರ್ತಕರನ್ನು ನಿಮ್ಮ ಕಟ್ಟಡದಲ್ಲಿ ನಿನ್ನೆ ಎಷ್ಟು ನೀರು ಖರ್ಚಾಯಿತೆಂದು ಕೇಳಿ ನೋಡಿ. ಮೋಟಾರು ಎರಡು ಗಂಟೆ ಓಡಿತು ಎನ್ನುವರು. ತೊಟ್ಟಿ ಎರಡು ಸಲ ತುಂಬಿತು ಎನ್ನುವರು. ಇದು ಲೆಕ್ಕವೆ? ತನ್ನ ಅಂಗಡಿಯಲ್ಲಿ ಸಕ್ಕರೆಯನ್ನು ಹೀಗೆ ಬೊಗಸೆಯಲ್ಲಿ ಅಳೆಯುವ ಗುಮಾಸ್ತನನ್ನು ಯಾವ ವರ್ತಕನು ಒಂದು ದಿನವಾದರೂ ಇಟ್ಟುಕೊಂಡಾನು?

ಪರರಿಗೆ ಹೇಳುವ ಮೊದಲು ನಮ್ಮ ಮನೆಯ ಮಾತನ್ನು ಹೇಳಿಬಿಡುವುದು ನ್ಯಾಯ. ನಮ್ಮ ಪತ್ರಿಕೆಯ ಅಚ್ಚುಕೂಟವಿರುವ ಕಟ್ಟಡವೂ ವ್ಯಾಪಾರದ ಕಟ್ಟಡವೇ. ಕೆಳಗೆ ಬಾಡಿಗೆಗೆ ಕೊಟ್ಟ ಮೂರು ಮಳಿಗೆಗಳಿವೆ, ಮೇಲೆ ಕಾರ್ಯಾಲಯವಿದೆ, ಹಿಂಭಾಗದಲ್ಲಿ ಕೆಲಸಗಾರರ ಊಟದ ಮನೆಯಿದೆ. ನೀರಿನ ಮಿತವ್ಯಯವನ್ನು ಕುರಿತು ಇದೇ ಅಂಕಣದಲ್ಲಿ ನಾವು ಎಷ್ಟೋ ಸಲ ಬರೆದಿದ್ದೇವೆ. ಆದರೆ ನಮ್ಮ ಕಟ್ಟಡಕ್ಕೆ ನೀರಿನ ಮಾಪಕವಿರಲಿಲ್ಲ. ಎರಡು ವರ್ಷಗಳ ಹಿಂದೆ ನೆರೆಯವರೊಬ್ಬರು ಇದನ್ನು ಎತ್ತಿ ಆಡಿದಾಗ ನಾಚಿ, ಕೊಳವೆಬಾವಿಯ ಬಾಯಿಗೊಂದು, ಮಳಿಗೆಗಳ ಕೊಳಾಯಿಗೊಂದು, ಊಟದ ಮನೆಗೊಂದು ಎಂದು ಮೂರು ಮಾಪಕಗಳನ್ನು ಹಾಕಿಸಿದೆವು. ಆ ವರ್ಷದ ದೀಪಾವಳಿಯ ರಜೆಯಲ್ಲಿ ಸಂಜೆ ಬಾಗಿಲು ಹಾಕಿದಾಗ ಬರೆದಿಟ್ಟ ಅಂಕಿಗೂ ಮರುದಿನ ಬೆಳಿಗ್ಗೆ ಬಾಗಿಲು ತೆರೆದಾಗ ಕಂಡ ಅಂಕಿಗೂ 1,400 ಲೀಟರುಗಳ ವ್ಯತ್ಯಾಸವಿದ್ದಿತು. ಕಟ್ಟಡದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ! ಹುಡುಕಿ ನೋಡಿದರೆ, ತಾನಾಗಿ ಓಡುವ ಮೋಟಾರು ತೊಟ್ಟಿಯನ್ನು ತುಂಬುತ್ತಲೇ ಇದ್ದಿತು. ಕೆಟ್ಟುಹೋದ ತೇಲುಗುಂಡು ಅದನ್ನು ತಡೆಯದೆ ಇದ್ದಿತು. ಹೆಚ್ಚಾದ ನೀರು ಹಿಂಗೋಡೆಯ ಕೊಳವೆಯಿಂದ ಸದ್ದಿಲ್ಲದೆ ಚರಂಡಿಗೆ ಸೇರುತ್ತಿದ್ದಿತು. ಎಷ್ಟು ತಿಂಗಳುಗಳಿಂದ ಹೀಗಾಗುತ್ತಿದ್ದಿತೋ ದೇವರೇ ಬಲ್ಲ. ಗಂಡಸಿಯ ಓದುಗರ ಕಾಗದವನ್ನು ಓದಿದಾಗ ನಮಗೆ ಮೊದಲು ನೆನಪಾದುದು ನಮ್ಮ ಹಿಂಗೋಡೆಯೇ. ಅವರು ಬೇಲಿಯ ಬಳಿ ನಿಂತು ನೋಡಿದ ತೊಟ್ಟಿ ನಮ್ಮದೂ ಆಗಿರಬಹುದಾಗಿತ್ತು.

ಆದಕಾರಣ ನಮ್ಮ ಮೊದಲನೆಯ ಸೂಚನೆ ಮಾಪಕ. ಇದಕ್ಕೆ ಇಂಜಿನಿಯರೂ ಬೇಡ, ಸರಕಾರದ ಸಹಾಯಧನವೂ ಬೇಡ. ದಿನವೂ ಒಂದೇ ಹೊತ್ತಿಗೆ ಅಂಕಿಯನ್ನು ನೋಡಿ ಒಂದು ಪುಸ್ತಕದಲ್ಲಿ ಬರೆದಿಡುವ ಒಬ್ಬ ಮನುಷ್ಯ ಸಾಕು. ಹಿಂದೆ ನಮ್ಮ ಗ್ರಾಮಗಳಲ್ಲಿ ಅಂಥ ಮನುಷ್ಯನಿಗೆ ನೀರುಗಂಟಿಯೆಂದು ಹೆಸರು. ಕೆರೆಯ ತೂಬನ್ನು ತೆರೆದು ಮುಚ್ಚುವವನು ಅವನು. ಯಾವ ಗದ್ದೆಗೆ ಯಾವ ಸರದಿಯಲ್ಲಿ ಎಷ್ಟು ಹೊತ್ತು ನೀರೆಂಬುದನ್ನು ನಡೆಸುವವನು ಅವನು. ಸುಗ್ಗಿಯಲ್ಲಿ ಎಲ್ಲರ ಕಣದಿಂದಲೂ ಕಾಳನ್ನು ಪಡೆಯುತ್ತಿದ್ದುದರಿಂದ ಯಾರೊಬ್ಬರ ಆಳೂ ಅಲ್ಲದವನು. ಇಂದಿಗೂ ಗ್ರಾಮ ಪಂಚಾಯಿತಿಯ ನೀರು ಬಿಡುವವನನ್ನು ಜನ ಅದೇ ಹೆಸರಿನಿಂದ ಕರೆಯುವರು. ಊರಿಗೊಬ್ಬ ನೀರುಗಂಟಿ ಇರುವಂತೆ ಪ್ರತಿಯೊಂದು ದೊಡ್ಡ ಕಟ್ಟಡಕ್ಕೂ ಒಬ್ಬನಿರಬೇಕು. ಬೇರೆ ನೌಕರನನ್ನು ನೇಮಿಸಬೇಕೆಂದಲ್ಲ. ಇರುವ ಕಾವಲುಗಾರನಿಗೋ ಗುಮಾಸ್ತನಿಗೋ ಈ ಕೆಲಸವನ್ನು ಹೆಸರಿಟ್ಟು ಒಪ್ಪಿಸಬೇಕೆಂದು. ಎಲ್ಲರದೂ ಆದ ಕೆಲಸ ಯಾರದೂ ಅಲ್ಲವೆಂಬುದನ್ನು ಕಚೇರಿ ನಡೆಸಿದವರೆಲ್ಲ ಬಲ್ಲರು.

ಸಣ್ಣ ರಂಧ್ರಗಳು

ಲೆಕ್ಕ ಇಟ್ಟವನಿಗೆ ಪೋಲು ತಾನಾಗಿಯೇ ಕಾಣುವುದು. ಕ್ಷಣಕ್ಕೊಂದು ಹನಿಯಂತೆ ತೊಟ್ಟಿಕ್ಕುವ ಒಂದು ನಲ್ಲಿ ದಿನಕ್ಕೆ ಇಪ್ಪತ್ತು ಲೀಟರಿನಷ್ಟನ್ನು ಕಳೆಯುವುದು. ಅಂಥ ಹತ್ತು ನಲ್ಲಿಗಳಿರುವ ಕಟ್ಟಡದಲ್ಲಿ ಎರಡು ತೆಂಗಿನ ಮರಗಳ ಪಾಲು ಹೀಗೆ ಹನಿಹನಿಯಾಗಿ ಹೋಗುವುದು. ಶೌಚಗೃಹಗಳ ಹಳೆಯ ತೊಟ್ಟಿಗಳು ಒಂದು ಸಲ ಎಳೆದರೆ ಹತ್ತು ಲೀಟರನ್ನು ಸುರಿಸುವುವು. ಈಗ ಬರುವ ಎರಡು ಗುಂಡಿಯ ತೊಟ್ಟಿಗಳಲ್ಲಿ ಅವಶ್ಯಕತೆಗೆ ತಕ್ಕಂತೆ ಮೂರು ಅಥವಾ ಆರು ಲೀಟರು ಸಾಕಾಗುವುದು.

ಕಲ್ಯಾಣಮಂಟಪದ ಕೈತೊಳೆಯುವ ಸಾಲನ್ನೇ ತೆಗೆದುಕೊಳ್ಳೋಣ. ಸಾವಿರ ಮಂದಿಯ ಮದುವೆ; ಒಬ್ಬೊಬ್ಬರೂ ಊಟಕ್ಕೆ ಮೊದಲೊಮ್ಮೆ, ಅನಂತರ ಒಮ್ಮೆ ಅರ್ಧರ್ಧ ನಿಮಿಷ ನಲ್ಲಿಯನ್ನು ತೆರೆಯುವರೆಂದು ಭಾವಿಸೋಣ. ಸಾಮಾನ್ಯ ನಲ್ಲಿಯಲ್ಲಿ ನಿಮಿಷಕ್ಕೆ 12 ಲೀಟರು ಬರುವುದಾದರೆ ಒಂದು ಹೊತ್ತಿನ ಊಟಕ್ಕೆ ಕೈತೊಳೆಯಲೇ 12,000 ಲೀಟರು ಬೇಕು. ನಲ್ಲಿಯ ಬಾಯಿಗೆ ಗಾಳಿ ಬೆರೆಸುವ ಸಣ್ಣ ಜಾಲರಿಯೊಂದನ್ನು ತಿರುಗಿಸಿ ಸಿಕ್ಕಿಸಿದರೆ ನಿಮಿಷಕ್ಕೆ ನಾಲ್ಕು ಲೀಟರಿನಲ್ಲಿ ಕೈ ಶುದ್ಧವಾಗುವುದು. 8,000 ಲೀಟರು ಉಳಿಯುವುದು. ಏರೇಟರ್ ಎಂದು ಪೇಟೆಯಲ್ಲಿ ಮಾರುವ ಈ ಜಾಲರಿಯನ್ನು ಬಾಚಿಹಲ್ಲಿನಷ್ಟು ಸಣ್ಣದೆಂದು ತಿರಸ್ಕರಿಸಬಾರದು. 2024ರ ಬೇಸಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಸಾಲುಸಾಲಾಗಿ ಬತ್ತಿದಾಗ ಅಲ್ಲಿಯ ಜಲಮಂಡಳಿಯು ಮಾರ್ಚ್ ತಿಂಗಳಲ್ಲಿ ಹೋಟೆಲು, ಮಾಲು, ಕಚೇರಿ, ಕಾರ್ಖಾನೆಗಳ ನಲ್ಲಿಗಳಿಗೆಲ್ಲ ಇದನ್ನು ಕಡ್ಡಾಯಮಾಡಿತು. ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ, ತೋಟಕ್ಕೆ ಹಾಯಿಸಿದರೆ, ಕಟ್ಟಡ ಕಟ್ಟಿದರೆ 5,000 ರೂಪಾಯಿ ದಂಡವೆಂದೂ ಸಾರಿತು. ನೂರು ಕಿಲೋಮೀಟರು ದೂರದಿಂದ, ಸುಮಾರು 500 ಮೀಟರು ಎತ್ತರಕ್ಕೆ ಕಾವೇರಿಯನ್ನು ಎತ್ತಿ ತರುವ ಮಹಾನಗರವೇ ಕೊನೆಗೆ ನಲ್ಲಿಯ ಬಾಯಿಗೆ ಬಂದು ನಿಂತಿತು. ಅಷ್ಟು ಕಷ್ಟವನ್ನು ಅನುಭವಿಸಿಯೇ ನಾವೂ ಪಾಠ ಕಲಿಯಬೇಕೆಂದು ನಿಯಮವಿದೆಯೆ?

ಮಾಳಿಗೆಯ ಮೇಲಿನ ಬೆಳೆ

ಮಿತವ್ಯಯ ಅರ್ಧ ಮಾತು; ಸಂಪಾದನೆ ಇನ್ನರ್ಧ. ವ್ಯಾಪಾರದ ಕಟ್ಟಡಕ್ಕೆ ಮನೆಗಿಲ್ಲದ ಭಾಗ್ಯವೊಂದಿದೆ; ಅದರ ಮಾಳಿಗೆ ವಿಶಾಲವಾದುದು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರು. 60 ಅಡಿ ಅಗಲ, 100 ಅಡಿ ಉದ್ದದ ಮಂಟಪದ ಮಾಳಿಗೆ ಸುಮಾರು 557 ಚದರ ಮೀಟರು. ಅರಸೀಕೆರೆಯ 700 ಮಿಲಿಮೀಟರು ಮಳೆಯಲ್ಲಿ ಐದರಲ್ಲೊಂದು ಪಾಲು ಆರಿಯೂ ಚೆಲ್ಲಿಯೂ ಹೋಯಿತೆಂದು ಬಿಟ್ಟರೂ ವರ್ಷಕ್ಕೆ ಮೂರು ಲಕ್ಷ ಲೀಟರಿಗೆ ಕಡಮೆಯಿಲ್ಲದಷ್ಟು ನೀರು ದೊರೆಯುವುದು. ಐದು ಸಾವಿರ ಲೀಟರಿನ ಟ್ಯಾಂಕರುಗಳಲ್ಲಿ ಹೇಳುವುದಾದರೆ ಅರವತ್ತು ಟ್ಯಾಂಕರು! ಬೇಸಗೆಯಲ್ಲಿ ಟ್ಯಾಂಕರಿಗಾಗಿ ದುಡ್ಡು ಹಿಡಿದು ಕಾಯುವ ಒಡೆಯನೇ ಮುಂಗಾರಿನಲ್ಲಿ ಈ ಅರವತ್ತು ಟ್ಯಾಂಕರುಗಳನ್ನು ರಸ್ತೆಯ ಚರಂಡಿಗೆ ಬಿಡುತ್ತಾನೆ; ಚರಂಡಿ ಕಟ್ಟಿಕೊಂಡಾಗ ಪಂಚಾಯಿತಿಯನ್ನು ಬೈಯುತ್ತಾನೆ.

ಈ ನೀರನ್ನು ಹಿಡಿಯುವ ಉಪಾಯ ಕಠಿನವಾದುದೇನೂ ಅಲ್ಲ. ಮೊದಲ ಮಳೆಯಲ್ಲಿ ಮಾಳಿಗೆಯ ಧೂಳು ತೊಳೆದುಹೋಗುವಂತೆ ಬಿಟ್ಟು, ಅನಂತರದ ನೀರನ್ನು ಜಲ್ಲಿ ಮರಳುಗಳ ಸೋಸುಗುಂಡಿಯ ಮೂಲಕ ನೆಲದೊಳಗಿನ ತೊಟ್ಟಿಗೆ ಇಳಿಸಬೇಕು. ತೊಟ್ಟಿ ತುಂಬಿದ ಮೇಲೆ ಮಿಕ್ಕುದನ್ನು ಕೊಳವೆಬಾವಿಯ ಸುತ್ತ ತೋಡಿದ ಇಂಗುಗುಂಡಿಗೆ ಬಿಡಬೇಕು. ಎಚ್ಚರಿಕೆ ಒಂದೇ: ಮಾಳಿಗೆಯ ಶುದ್ಧ ನೀರನ್ನಲ್ಲದೆ ಅಂಗಳದ, ಪಾಕಶಾಲೆಯ, ವಾಹನ ತೊಳೆಯುವ ಜಾಗದ ನೀರನ್ನು ಎಂದಿಗೂ ಕೊಳವೆಬಾವಿಯ ಬಳಿಗೆ ಬಿಡಬಾರದು. ಹಾಗೆ ಬಿಟ್ಟವನು ತನ್ನ ಬಾವಿಗೆ ಮಾತ್ರವಲ್ಲ, ನೆರೆಯವರ ಬಾವಿಗೂ ವಿಷವಿಕ್ಕಿದಂತೆ. ಬೆಂಗಳೂರಿನಲ್ಲಿ 2009ರ ಶಾಸನವು 2,400 ಚದರ ಅಡಿಯೂ ಅದಕ್ಕೆ ಮೇಲ್ಪಟ್ಟೂ ಇರುವ ನಿವೇಶನಗಳ ಹಳೆಯ ಕಟ್ಟಡಗಳಿಗೂ, 1,200 ಚದರ ಅಡಿಯಿಂದ ಮೇಲ್ಪಟ್ಟ ನಿವೇಶನಗಳ ಹೊಸ ಕಟ್ಟಡಗಳಿಗೂ ಮಳೆನೀರಿನ ಸಂಗ್ರಹವನ್ನು ಕಡ್ಡಾಯಮಾಡಿದೆ. ರಾಜಧಾನಿಗೆ ಬೇಕಾದುದು ಅದಕ್ಕಿಂತಲೂ ಕಡಮೆ ಮಳೆ ಬೀಳುವ ಅರಸೀಕೆರೆಗೆ ಬೇಡವೆಂದು ಯಾರು ತಾನೆ ಹೇಳಿಯಾರು?

ಇನ್ನೊಂದು ಲಾಭವೂ ಉಂಟು. ಈ ತಾಲೂಕಿನ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡಿನ ಅಂಶವಿರುವುದು ಕಂಡುಬಂದಿದೆ. ಆಳಕ್ಕೆ ಹೋದಷ್ಟೂ ಈ ಭಯ ಹೆಚ್ಚು. ಮಳೆಯ ನೀರಿನಲ್ಲಿ ಈ ದೋಷವಿಲ್ಲ. ಬಂಡೆಯ ಬಿರುಕಿನಿಂದ ಎಳೆದ ನೀರನ್ನು ಯಂತ್ರಗಳಿಂದ ಶುದ್ಧಿಮಾಡಿ ಕುಡಿಯುವುದಕ್ಕಿಂತ ಆಕಾಶದಿಂದ ಬಿದ್ದುದನ್ನು ಸೋಸಿ, ಕಾಯಿಸಿ ಕುಡಿಯುವುದು ಸುಲಭವೂ ಹೌದು, ಅಗ್ಗವೂ ಹೌದು.

ಎರಡನೆಯ ಸಲ

ಯಂತ್ರದ ಮಾತು ಬಂದುದರಿಂದ ಅದರ ಇನ್ನೊಂದು ಮುಖವನ್ನೂ ಹೇಳಬೇಕು. ಈಗ ಹೋಟೆಲು, ಆಸ್ಪತ್ರೆ, ಕಚೇರಿಗಳಲ್ಲೆಲ್ಲ ಆರ್.ಓ. ಯಂತ್ರಗಳಿವೆ, ಹಳ್ಳಿಹಳ್ಳಿಗೂ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ಒಂದು ಲೀಟರು ಶುದ್ಧ ನೀರನ್ನು ಕೊಡುವಾಗ ಈ ಯಂತ್ರವು ಸಾಧಾರಣವಾಗಿ ಮತ್ತೊಂದು ಲೀಟರನ್ನೋ ಅದಕ್ಕೂ ಹೆಚ್ಚನ್ನೋ ಬೇರೆಯ ಕೊಳವೆಯಿಂದ ಹೊರಗೆ ಹಾಕುವುದು. ಈ ನೀರು ಕುಡಿಯಲು ಬಾರದು, ಗಿಡಗಳಿಗೂ ಅಷ್ಟೊಂದು ಹಿತವಲ್ಲ. ಆದರೆ ಶೌಚಗೃಹಕ್ಕೆ, ನೆಲ ಒರಸಲು ಏನು ಅಡ್ಡಿ? ಒಂದು ಕೊಳವೆಯನ್ನು ಬೇರೆ ತೊಟ್ಟಿಗೆ ತಿರುಗಿಸಿದರೆ ತೀರಿತು. ಹಾಗೆಯೇ ಕೈತೊಳೆದ, ಮೈತೊಳೆದ ನೀರನ್ನು ಮಲಿನಜಲದೊಡನೆ ಬೆರೆಯಗೊಡದೆ ಬೇರೆಯಾಗಿ ಹರಿಸಿ, ಸೋಸಿ, ವಸತಿಗೃಹದ ಹಿತ್ತಲಿನ ಬಾಳೆ ತೆಂಗುಗಳಿಗೆ ಹಾಯಿಸಬಹುದು. ನಮ್ಮ ಹಿರಿಯರ ಮನೆಗಳಲ್ಲಿ ಬಚ್ಚಲ ನೀರು ಹಿತ್ತಲ ಬಾಳೆಗೆ ಹೋಗುತ್ತಿದ್ದುದು ಯಾವ ಇಲಾಖೆಯ ಆಜ್ಞೆಯಿಂದ?

ಒಮ್ಮೆ ಬಳಸಿದ ನೀರನ್ನು ಮತ್ತೆ ಬಳಸುವುದು ಅಶುಚಿಯೆಂದು ಹೇಸುವವರಿಗೆ ಎರಡು ನಿದರ್ಶನಗಳನ್ನು ಕೊಡುವೆವು. 2018ರಿಂದ ಬೆಂಗಳೂರಿನ ಕೊಳಚೆನೀರು ಸಂಸ್ಕಾರ ಹೊಂದಿ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಯೋಜನೆಯಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಆ ಸಂಸ್ಕಾರ ಸಾಲದೆಂಬ ಆಕ್ಷೇಪವೂ ಉಂಟು, ಅದನ್ನು ಅಲಕ್ಷ್ಯಮಾಡಲಾಗದು. ಆದರೂ ಬತ್ತಿದ್ದ ಕೆರೆಗಳು ನೀರು ಕಂಡುದು ಸುಳ್ಳಲ್ಲ. ಸಿಂಗಪುರವೆಂಬ ಸಣ್ಣ ದ್ವೀಪರಾಜ್ಯವು 2003ರಿಂದ ಬಳಸಿದ ನೀರನ್ನು ಮತ್ತೆ ಶುದ್ಧಿಗೊಳಿಸಿ ಮುಖ್ಯವಾಗಿ ಕಾರ್ಖಾನೆ ಮತ್ತು ವ್ಯಾಪಾರದ ಕಟ್ಟಡಗಳಿಗೆ ಕೊಡುತ್ತಿದೆ. ಅದಕ್ಕಿಂತಲೂ ನಮ್ಮ ವಿಷಯಕ್ಕೆ ಹತ್ತಿರವಾದುದೊಂದಿದೆ: ವರ್ಷಕ್ಕೆ 60,000 ಘನ ಮೀಟರಿಗಿಂತ ಹೆಚ್ಚಾಗಿ ನೀರು ಬಳಸುವ ಸಂಸ್ಥೆಗಳು ಮಾಪಕಗಳನ್ನಿಟ್ಟು ತಮ್ಮ ನೀರಿನ ಲೆಕ್ಕವನ್ನು ಪ್ರತಿವರ್ಷವೂ ಒಪ್ಪಿಸಬೇಕೆಂದು ಆ ರಾಜ್ಯವು 2015ರಲ್ಲಿ ವಿಧಿಸಿತು. ಅಲ್ಲಿಯೂ ಸುಧಾರಣೆಯ ಮೊದಲ ಮೆಟ್ಟಿಲು ಲೆಕ್ಕವೇ.

ವರ್ತಕರ ಆಕ್ಷೇಪ

ನಮ್ಮ ವರ್ತಕ ಮಿತ್ರರು ಇದಕ್ಕೆ ಹೇಳುವ ಉತ್ತರವನ್ನೂ ನಾವು ಕೇಳಿದ್ದೇವೆ. ನೆಲ ನಮ್ಮದು, ಕೊಳವೆಬಾವಿ ನಮ್ಮದು, ವಿದ್ಯುತ್ತಿಗೆ ದುಡ್ಡು ಕೊಡುವವರು ನಾವು. ತೆಂಗಿನವರ ಪಂಪುಗಳಿಗೆ ವಿದ್ಯುತ್ತು ಉಚಿತ. ಹೆಚ್ಚು ನೀರನ್ನು ಎತ್ತುವವರು ಅವರೋ ನಾವೋ? ಈ ಮಾತಿನಲ್ಲಿ ಸತ್ಯಾಂಶವಿಲ್ಲವೆಂದು ಹೇಳುವುದು ಪ್ರಾಮಾಣಿಕವಾಗದು. ನೆಲದಡಿಯ ನೀರಿನ ಬಹುಪಾಲು ಬೇಸಾಯಕ್ಕೇ ಹೋಗುವುದು. ಹನಿ ನೀರಾವರಿಗೆ ಬಾರದೆ ಹಳೆಯ ಪಾತಿಯಲ್ಲಿಯೇ ನೀರು ಕಟ್ಟುವ ತೋಟಗಳು ಬೇಕಾದಷ್ಟಿವೆ. ಅವರಿಗೆ ಹೇಳಬೇಕಾದುದನ್ನು ನಾವು ಹೇಳುತ್ತಲೇ ಬಂದಿದ್ದೇವೆ. ಆದರೆ ಒಬ್ಬನ ತಪ್ಪು ಇನ್ನೊಬ್ಬನಿಗೆ ಪರವಾನೆಯಾಗಲಾರದು. ಅಲ್ಲದೆ, ಕಟ್ಟಡಗಳು ಒಂದೇ ಕಡೆ, ರಸ್ತೆಯ ಎರಡು ಮಗ್ಗುಲಿಗೆ ಗುಂಪುಗೂಡಿ ಏಳುವುವು. ಆ ಒಂದು ಸ್ಥಳದ ಬಂಡೆಯ ಮೇಲೆ ಅವುಗಳ ಭಾರವೆಲ್ಲ ಬೀಳುವುದು. ಸರ್ವೆ ನಂಬರಿನ ಗಡಿಕಲ್ಲು ನೆಲದ ಮೇಲಿದೆಯೇ ಹೊರತು ಬಂಡೆಯ ಬಿರುಕಿನೊಳಗಿಲ್ಲ. ಮೇಲೆ ನಮ್ಮದೆಂಬ ನೆಲದ ಕೆಳಗೆ ಹರಿಯುವುದು ನೆರೆಯವನ ನೀರೂ ಆಗಿರುವುದು. 2011ರ ರಾಜ್ಯದ ಅಂತರ್ಜಲ ಕಾಯಿದೆಯು ಅಧಿಸೂಚಿತ ಪ್ರದೇಶಗಳಲ್ಲಿ ಅನುಮತಿಯಿಲ್ಲದೆ ಹೊಸ ಕೊಳವೆಬಾವಿಯನ್ನು ತೋಡಕೂಡದೆಂದು ವಿಧಿಸಿರುವುದು ಈ ತತ್ತ್ವವನ್ನೇ ಅನುಸರಿಸಿ.

ಎತ್ತಿನಹೊಳೆಯ ನೀರು ಬರುವುದಲ್ಲ, ಆಮೇಲೆ ಚಿಂತೆಯೇನು ಎನ್ನುವವರೂ ಇದ್ದಾರೆ. ಆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು ಸಕಲೇಶಪುರದ ಬಳಿ ಉದ್ಘಾಟನೆಯಾಯಿತು. ನೀರು ಬರಲಿ, ಬೇಗ ಬರಲಿ; ಬಯಲುಸೀಮೆಯ ಜನ ಅದಕ್ಕಾಗಿ ಕಾದುದು ಅಲ್ಪಕಾಲವಲ್ಲ. ಆದರೆ ತೂತು ಬಿದ್ದ ಕೊಡಕ್ಕೆ ಹೊಸ ನದಿಯನ್ನು ತಂದು ಸುರಿದರೂ ಕೊಡ ತುಂಬದು. 2024ರ ಬೇಸಗೆಯಲ್ಲಿ ಬವಣೆಪಟ್ಟ ಬೆಂಗಳೂರಿಗೆ ಕಾವೇರಿಯ ನಾಲ್ಕು ಹಂತಗಳು ಆಗಲೇ ಬಂದಿದ್ದುವೆಂಬುದನ್ನು ನೆನೆಯಬೇಕು.

ಕರ್ತವ್ಯ

ಹಾಗಾದರೆ ಮಾಡಬೇಕಾದುದೇನು? ಅಧಿಕಾರಿಗಳಲ್ಲಿ ನಮ್ಮ ಬಿನ್ನಹ ಇಷ್ಟೆ. ಮೊದಲನೆಯದಾಗಿ, ಸರಕಾರದ ಕಟ್ಟಡಗಳೇ ಮಾದರಿಯಾಗಲಿ. ತಾಲೂಕು ಕಚೇರಿ, ಆಸ್ಪತ್ರೆ, ಬಸ್ಸು ನಿಲ್ದಾಣ, ಮಾರುಕಟ್ಟೆಯ ಪ್ರಾಂಗಣಗಳ ಮಾಳಿಗೆಗಳಿಂದ ನೀರು ಬೀದಿಗೆ ಬೀಳುತ್ತಿರುವಾಗ ಪ್ರಜೆಗಳಿಗೆ ನೋಟೀಸು ಕೊಡುವ ಕೈ ನಡುಗಬೇಕು. ಎರಡನೆಯದಾಗಿ, ಅರಸೀಕೆರೆ, ಬೇಲೂರು, ಹಳೇಬೀಡುಗಳ ಸ್ಥಳೀಯ ಸಂಸ್ಥೆಗಳೂ ಗಂಡಸಿಯಂಥ ಗ್ರಾಮ ಪಂಚಾಯಿತಿಗಳೂ ಹೋಟೆಲು, ಮಂಟಪ, ವಸತಿಗೃಹಗಳಿಗೆ ವರ್ಷಂಪ್ರತಿ ಪರವಾನೆಯನ್ನು ನವೀಕರಿಸುವಾಗ ಅಗ್ನಿಯ ಭದ್ರತೆಯನ್ನು ಕೇಳುವಂತೆ ನೀರಿನ ಮಾಪಕವನ್ನೂ ಹನ್ನೆರಡು ತಿಂಗಳುಗಳ ಲೆಕ್ಕವನ್ನೂ ಕೇಳಲಿ. ಮೂರನೆಯದಾಗಿ, ಮಾಳಿಗೆಯ ಮಳೆನೀರಿಗೆ ದಾರಿ ತೋರಿಸದ ಯಾವ ಹೊಸ ನಕ್ಷೆಗೂ ಒಪ್ಪಿಗೆಯ ಮುದ್ರೆ ಬೀಳದಿರಲಿ. ಬಿದ್ದ ಮೇಲೆ ನಕ್ಷೆಯಲ್ಲಿ ತೋರಿಸಿದುದು ನೆಲದ ಮೇಲೂ ಇದೆಯೆಂಬುದನ್ನು ಯಾರಾದರೂ ಹೋಗಿ ನೋಡಲಿ. ಕೇಂದ್ರ ಸರಕಾರವು 2019ರಲ್ಲಿ ಆರಂಭಿಸಿದ ಅಟಲ್ ಭೂಜಲ ಯೋಜನೆಯಲ್ಲಿ ಗ್ರಾಮ ಪಂಚಾಯಿತಿಗಳು ತಮ್ಮ ನೀರಿನ ಆಯವ್ಯಯವನ್ನು ತಾವೇ ಸಿದ್ಧಪಡಿಸುವ ಪದ್ಧತಿ ಬಂದಿತು. ಊರಿಗೆ ಆಯವ್ಯಯವಿರಬಹುದಾದರೆ ಊರಿನ ದೊಡ್ಡ ಕಟ್ಟಡಕ್ಕೆ ಏಕಿರಬಾರದು?

ವರ್ತಕರಲ್ಲಿ ನಮ್ಮ ಬಿನ್ನಹ ಬೇರೆಯದು. ಹೊಯ್ಸಳರ ಕಾಲದ ಶಾಸನಗಳಲ್ಲಿ ಬಿತ್ತುವಟ್ಟವೆಂಬ ಮಾತು ಮತ್ತೆ ಮತ್ತೆ ಬರುವುದು. ಕೆರೆಯ ದುರಸ್ತಿಗೆಂದು ಬಿಟ್ಟ ಭೂಮಿಗೋ ಬೆಳೆಯ ಪಾಲಿಗೋ ಆ ಹೆಸರು. ನೀರನ್ನುಂಡವನು ನೀರಿನ ಮನೆಯನ್ನು ಕಾಯಬೇಕೆಂಬುದು ಅದರ ತಾತ್ಪರ್ಯ. ಇಂದಿನ ಮಂಟಪದ ಒಡೆಯರು ಒಂದೊಂದು ಮದುವೆಯ ಬಾಡಿಗೆಯಿಂದಲೂ ಒಂದು ಸಣ್ಣ ಭಾಗವನ್ನು ತೆಗೆದಿಟ್ಟು, ವರ್ಷಕ್ಕೊಮ್ಮೆ ಊರಿನ ಕೆರೆಯ ಹೂಳಿಗೆ, ಕಾಲುವೆಯ ಪೊದೆಗೆ ಕೊಟ್ಟರೆ ಆ ಹಳೆಯ ಬಿತ್ತುವಟ್ಟ ಮತ್ತೆ ಜೀವ ಪಡೆಯುವುದು. ಕೆರೆ ತುಂಬಿದರೆ ಅವರ ಕೊಳವೆಬಾವಿಯೂ ತುಂಬುವುದು. ಇದು ದಾನವಲ್ಲ, ಒಳ್ಳೆಯ ವ್ಯಾಪಾರವೇ. ಮಂಟಪವನ್ನು ಬಾಡಿಗೆಗೆ ಹಿಡಿಯುವ ಗೃಹಸ್ಥರಿಗೂ ಒಂದು ಮಾತು: ಹೂವಿನ ಅಲಂಕಾರವನ್ನೂ ಅಡಿಗೆಯ ಪಟ್ಟಿಯನ್ನೂ ವಿಚಾರಿಸುವಾಗ ಇಲ್ಲಿ ಮಳೆನೀರಿನ ತೊಟ್ಟಿಯಿದೆಯೆ ಎಂದೂ ಕೇಳಿರಿ. ಗಿರಾಕಿ ಕೇಳಿದುದನ್ನು ವರ್ತಕನು ಒದಗಿಸದೆ ಇರಲಾರನು.

ಗಂಡಸಿಯ ಹ್ಯಾಂಡ್‌ಪೋಸ್ಟು ದಾರಿಗಳು ಕೂಡುವ ಸ್ಥಳ. ಊರುಗಳ ಕಡೆಗೆ ಕೈ ಚಾಚಿ ನಿಂತ ಕಂಬದಿಂದ ಅಂಥ ಸ್ಥಳಗಳಿಗೆ ಆ ಹೆಸರು ಬಂದಿತು. ನೀರಿನ ಮಾತಿನಲ್ಲಿ ನಾವೆಲ್ಲರೂ ಹಾಗೆಯೇ ಕೈಕಂಬಗಳಾಗಿದ್ದೇವೆ. ವರ್ತಕನ ಕೈ ರೈತನ ಕಡೆಗೆ, ರೈತನ ಕೈ ವರ್ತಕನ ಕಡೆಗೆ, ಇಬ್ಬರ ಕೈಯೂ ಸರಕಾರದ ಕಡೆಗೆ, ಸರಕಾರದ ಕೈ ಆಕಾಶದ ಕಡೆಗೆ. ನಮಗೆ ಕಾಗದ ಬರೆದ ಓದುಗರು ಕಟ್ಟಡದವನನ್ನು ದಂಡಿಸುವವರು ಯಾರೆಂದು ಕೇಳಿದ್ದಾರೆ. ದಂಡಿಸುವ ಬಂಡೆ ಕೆಳಗೆ ಕಾದಿದೆ. ಅದು ವರ್ತಕನ ಬಾವಿ, ರೈತನ ಬಾವಿ ಎಂದು ಭೇದಮಾಡದು. ಆ ದಂಡನೆ ಬರುವ ಮೊದಲೇ ಕಟ್ಟಡಗಳ ಒಡೆಯರು, ನಮ್ಮನ್ನೂ ಸೇರಿಸಿ, ಚಾಚಿದ ಕೈಯನ್ನು ಮಡಿಸಿ ತಮ್ಮ ಹಿಂಗೋಡೆಯ ಬಳಿಗೆ ಹೋಗಿ ಒಮ್ಮೆ ನೋಡಿ ಬರಲಿ. ಈ ಸಂಜೆಯ ಅಂಕಿಯನ್ನು ಬರೆದಿಟ್ಟರೆ ನಾಳೆ ಬೆಳಿಗ್ಗೆ ಉತ್ತರ ದೊರೆಯುವುದು.